ಯಾರನ್ನು ನೋಡಬೇಕು?

ಹೈದರಾಬಾದಿನ ಸನತ್‌ನಗರಕ್ಕೆ ಕೆಲಸದ ಮೇಲೆ ಮೊದಲ ಸಲ ಹೋಗುವವರು ಎರಡು ಕಡೆ ಎಡವುತ್ತಾರೆ, ಮೊದಲು ಬೀದಿಯಲ್ಲಿ, ಆಮೇಲೆ ಗೇಟಿನಲ್ಲಿ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕೈಗಾರಿಕೆಗಳಿಗೆಂದೇ ಬೆಳೆದ ಪ್ರದೇಶ ಇದು. 1942ರಲ್ಲಿ ಶುರುವಾಗಿ, ಮುಂದೆ ಫ್ರಿಜ್ಜು, ಬಸ್ಸಿನ ಬಾಡಿ, ಜಪಾನಿನ ಸೀಕೋ ಕಂಪನಿಯ ನೆರವಿನಿಂದ ಕೈಗಡಿಯಾರ ಎಲ್ಲವನ್ನೂ ತಯಾರಿಸಿದ ಹೈದರಾಬಾದ್ ಆಲ್ವಿನ್ ಇಲ್ಲಿಯದೇ. ಆಲ್ವಿನ್ ಹೋಯಿತು, ಶೆಡ್ಡುಗಳು ಉಳಿದವು. ಒಂದೇ ಬಗೆಯ ಕಾಂಪೌಂಡು, ಒಂದೇ ಬಗೆಯ ಕಬ್ಬಿಣದ ಗೇಟು, ಬೋರ್ಡಿನ ಮೇಲೆ ಧೂಳು. ಇಎಸ್‌ಐ ಆಸ್ಪತ್ರೆ ಎಂದರೆ ಆಟೋದವರಿಗೆ ತಕ್ಷಣ ಗೊತ್ತಾಗುತ್ತದೆ. ಪ್ಲಾಟ್ ನಂಬರು ಹೇಳಿದರೆ ಅವರೇ ತಿರುಗಿ ಮುಖ ನೋಡುತ್ತಾರೆ.

ಕನ್ನಡಿಗರಿಗೆ ಇದು ಪರದೇಶವಲ್ಲ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದವು. ವಾಡಿಯಿಂದ ತಾಂಡೂರು, ವಿಕಾರಾಬಾದ್, ಲಿಂಗಂಪಲ್ಲಿ ದಾಟಿ ಸಿಕಂದರಾಬಾದಿಗೆ ಹೋಗುವ ಹಳಿ ಸನತ್‌ನಗರದ ಮೂಲಕವೇ ಹಾಯುತ್ತದೆ. ಬಿಡಿಭಾಗ ಒಯ್ಯಲು, ಬಾಕಿ ಬಿಲ್ ಕೇಳಲು, ಇಂಟರ್‌ವ್ಯೂ ಕೊಡಲು ಈ ಕಡೆಯ ಜನ ಆ ಕಡೆ ಹೋಗುವುದು ಇವತ್ತು ನಿನ್ನೆಯ ಮಾತಲ್ಲ.

ಹಿಂದೆ ಅಲ್ಲಿಯ ಗೇಟಿನಲ್ಲಿ ಉದ್ದನೆಯ ರಿಜಿಸ್ಟರು, ದಾರ ಕಟ್ಟಿದ ಪೆನ್ನು, "ಕಿಸ್‌ಸೆ ಮಿಲ್ನಾ ಹೈ?" (ಯಾರನ್ನು ನೋಡಬೇಕು?) ಎಂದು ಕೇಳುವ ವಾಚ್‌ಮನ್ ಇರುತ್ತಿದ್ದರು. ಈಗ ಊರೂರಿನ ಆಫೀಸುಗಳಲ್ಲಿ ಸ್ಟ್ಯಾಂಡಿನ ಮೇಲೊಂದು ಟ್ಯಾಬ್ ನಿಂತಿರುತ್ತದೆ. ಅದು ದೊಡ್ಡ ಅಕ್ಷರಗಳಲ್ಲಿ 'ವೆಲ್‌ಕಮ್' ಎನ್ನುತ್ತದೆ. ಅದರ ಬೆನ್ನಿಗೇ ಹೆಸರು, ಮನೆತನದ ಹೆಸರು, ಮೊಬೈಲು, ಒಟಿಪಿ, ಇಮೇಲು, ಕಂಪನಿ, ಫೋಟೊ, ಸಹಿ ಕೇಳುತ್ತದೆ. ಇಷ್ಟನ್ನೂ ಕೇಳಿಕೊಂಡ ಯಂತ್ರ ತಾನು ಏನನ್ನೂ ಹೇಳುವುದಿಲ್ಲ. ಯಾವ ಬ್ಲಾಕಿಗೆ ಹೋಗಬೇಕು, ಎಷ್ಟು ಹೊತ್ತು ಕಾಯಬೇಕು, ಫೋನ್ ಒಳಗೆ ಒಯ್ಯಬಹುದೇ, ಶೌಚಾಲಯ ಎಲ್ಲಿದೆ, ಯಾವುದಕ್ಕೂ ಉತ್ತರವಿಲ್ಲ. ಬಂದವರಿಗೆ ಬೇಕಾದದ್ದು ಅನುಮಾನ ಕಡಿಮೆಯಾಗುವುದು. ಪರದೆಯ ಮೇಲಿನ ಸ್ವಾಗತವನ್ನು ಅಳೆಯಬೇಕಾದದ್ದೂ ಅದರಿಂದಲೇ, ಎಷ್ಟು ಕಡಿಮೆ ಕೇಳಿತು, ಎಷ್ಟು ಹೆಚ್ಚು ಹೇಳಿತು ಎಂಬುದರಿಂದ.

ಬೀದಿಯಲ್ಲಿ ಎಡವುವುದಕ್ಕೆ ಈಗ ಒಂದು ಮದ್ದು ಬಂದಿದೆ, ಅದೂ ಪಕ್ಕದ ಬಡಾವಣೆಯಿಂದ. ಸನತ್‌ನಗರಕ್ಕೆ ಅಂಟಿಕೊಂಡೇ ಇರುವ ಬಾಲಾನಗರದಲ್ಲಿ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. ಆ ಕೇಂದ್ರ ಮತ್ತು ಹೈದರಾಬಾದ್ ಐಐಟಿಯ ಜೊತೆ ಸೇರಿ ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬ ವಿಳಾಸ ಪದ್ಧತಿಯನ್ನು ಹೊರತಂದಿತು. ಅದರ ಲೆಕ್ಕ ಸೊಗಸಾಗಿದೆ. ಇಡೀ ದೇಶವನ್ನು ಮುಚ್ಚುವಂತೆ ಅಕ್ಷಾಂಶ ರೇಖಾಂಶಗಳಲ್ಲಿ 36 ಡಿಗ್ರಿ ಉದ್ದ, 36 ಡಿಗ್ರಿ ಅಗಲದ ಒಂದು ಚೌಕ ಎಳೆಯುತ್ತಾರೆ. ಅದನ್ನು 16 ಮನೆಗಳಾಗಿ ಸೀಳಿ ಪ್ರತಿ ಮನೆಗೂ ಒಂದು ಚಿಹ್ನೆ ಕೊಡುತ್ತಾರೆ. ಆ ಮನೆಯನ್ನು ಮತ್ತೆ 16 ಆಗಿ, ಅದರೊಳಗಿನದನ್ನು ಮತ್ತೆ 16 ಆಗಿ, ಹೀಗೆ ಹತ್ತು ಸಲ. ಹತ್ತನೆಯ ಸಲಕ್ಕೆ ಚೌಕದ ಪ್ರತಿ ಬದಿಯೂ 10 ಲಕ್ಷಕ್ಕೂ ಹೆಚ್ಚು ತುಂಡಾಗಿ, ಒಂದೊಂದು ಮನೆ ಸುಮಾರು 4 ಮೀಟರಿನಷ್ಟಾಗುತ್ತದೆ. ಅಂದರೆ ಹತ್ತು ಚಿಹ್ನೆಗಳಲ್ಲಿ ಒಂದು ಗೇಟಿನ ಜಾಗವನ್ನು ಹೇಳಬಹುದು. ಸೊನ್ನೆ ಮತ್ತು 'ಓ', ಒಂದು ಮತ್ತು 'ಐ' ಒಂದಕ್ಕೊಂದು ಹೋಲುವುದರಿಂದ ಆ ನಾಲ್ಕನ್ನೂ ಚಿಹ್ನೆಗಳಿಂದ ಹೊರಗಿಟ್ಟಿದ್ದಾರೆ. ಫೋನಿನಲ್ಲಿ ಓದಿ ಹೇಳುವಾಗ ತಪ್ಪು ಕಡಿಮೆಯಾಗುತ್ತದೆ.

ಇದರ ಮಿತಿಯೂ ಸ್ಪಷ್ಟ. ಡಿಜಿಪಿನ್ ಮಹಡಿ ಹೇಳುವುದಿಲ್ಲ. ಎದುರಿನ ಗೇಟು ಲಾರಿಗಳಿಗೆ ಮಾತ್ರ, ಜನ ಹಿಂದಿನ ಸಣ್ಣ ಬಾಗಿಲಿನಿಂದ ಬರಬೇಕು ಎಂಬುದನ್ನೂ ಹೇಳುವುದಿಲ್ಲ. ಅದನ್ನು ಕರೆದವರೇ ತಿಳಿಸಬೇಕು. ಹಿಂದಿನ ದಿನವೇ ಒಂದು ವಾಟ್ಸಾಪ್ ಸಂದೇಶದಲ್ಲಿ ಗೇಟಿನ ಜಾಗ, ಗೇಟಿನ ಫೋಟೊ, ಒಳಗೆ ಯಾರು ಸಿಗುತ್ತಾರೆ, ಏನು ತರಬೇಕು ಎಂದು ಬರೆದು ಕಳಿಸಿದರೆ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಸಾಫ್ಟ್‌ವೇರ್ ಕೂಡ ಬೇಡ.

ಉಳಿದರ್ಧ ಗೇಟಿನ ಸಾಲಿನಲ್ಲಿದೆ. ಸಾಲಿನ ಗಣಿತಕ್ಕೆ ಅಡಿಪಾಯ ಹಾಕಿದವರು ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಅವರು 1909ರಲ್ಲಿ, ಜನ ತಮಗೆ ತೋಚಿದ ಹೊತ್ತಿಗೆ ಕರೆ ಮಾಡಿದರೆ ಎಕ್ಸ್‌ಚೇಂಜಿನ ಮೇಲೆ ಬೀಳುವ ಒತ್ತಡ ಹೇಗಿರುತ್ತದೆ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. ಅದೇ ಲೆಕ್ಕವನ್ನು ಒಬ್ಬ ಸೆಕ್ಯುರಿಟಿಯವರಿರುವ ಗೇಟಿಗೆ ಹಚ್ಚಿ ನೋಡಬಹುದು. ಒಬ್ಬೊಬ್ಬರ ನೋಂದಣಿಗೆ ಸರಾಸರಿ 3 ನಿಮಿಷ ಹಿಡಿಯುತ್ತದೆ ಎನ್ನೋಣ. ಗಂಟೆಗೆ 10 ಜನ ಬಂದರೆ ಸೆಕ್ಯುರಿಟಿಯವರಿಗೆ ಅರ್ಧ ಹೊತ್ತು ಬಿಡುವು, ಬಂದವರು ಸರಾಸರಿ 3 ನಿಮಿಷ ಸಾಲಿನಲ್ಲಿ ನಿಲ್ಲುತ್ತಾರೆ. ಗಂಟೆಗೆ 18 ಜನ ಬಂದರೆ? ಜನ ಇಮ್ಮಡಿಯೂ ಆಗಿಲ್ಲ. ಆದರೆ ಕಾಯುವ ಹೊತ್ತು ಸರಾಸರಿ 27 ನಿಮಿಷಕ್ಕೆ ಏರುತ್ತದೆ. ಗಂಟೆಗೆ 20 ಮುಟ್ಟಿದರಂತೂ ಸಾಲು ಬೆಳೆಯುತ್ತಲೇ ಹೋಗುತ್ತದೆ, ಕರಗುವುದೇ ಇಲ್ಲ.

ಈಗ ಅದೇ 18 ಜನರಿಗೆ ಒಂದೆರಡು ಪ್ರಶ್ನೆ ಕಡಿಮೆ ಮಾಡಿ, ನೋಂದಣಿಯನ್ನು 3 ನಿಮಿಷದಿಂದ 2ಕ್ಕೆ ಇಳಿಸಿ. ಕಾಯುವ ಹೊತ್ತು 27ರಿಂದ ಮತ್ತೆ 3 ನಿಮಿಷಕ್ಕೆ ಬಂದು ನಿಲ್ಲುತ್ತದೆ. ಉಳಿಸಿದ್ದು ಒಂದು ನಿಮಿಷ, ಸಿಕ್ಕಿದ್ದು 24. ಜನ ಒಂದೇ ಸಮ ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತಾರೆ, ಸೆಕ್ಯುರಿಟಿಯವರಿಗೆ ಬಿಡುವೇ ಇರದಿದ್ದರೆ ಆ ಗುಂಪು ಕರಗಲು ಜಾಗವೇ ಇರುವುದಿಲ್ಲ. ಕಾರಣ ಇಷ್ಟೇ. ಆದ್ದರಿಂದ ಟ್ಯಾಬಿನ ಮೇಲಿನ ಒಂದೊಂದು ಖಾನೆಗೂ ಬೆಲೆಯಿದೆ. ಆ ಬೆಲೆ ತೆರುವುದು ಖಾನೆ ತುಂಬುವವರಲ್ಲ, ಅವರ ಹಿಂದೆ ನಿಂತವರು. ಇಮೇಲ್ ವಿಳಾಸ ಕೇಳುವ ಆಫೀಸುಗಳಲ್ಲಿ ಆಮೇಲೆ ಆ ವಿಳಾಸಕ್ಕೆ ಬರೆಯುವುದು ಎಷ್ಟು ಎಂದು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ಗಡಿಯಾರ ತೋರಿಸುವ ಹೊತ್ತು ಬೇರೆ, ಮನಸ್ಸಿಗೆ ಅನ್ನಿಸುವ ಹೊತ್ತು ಬೇರೆ. ಕಾಯುವವರ ಮನಸ್ಸಿನ ಬಗ್ಗೆ ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಲೇಖನವೊಂದನ್ನು ಹೋಟೆಲು, ಆಸ್ಪತ್ರೆ, ಬ್ಯಾಂಕುಗಳನ್ನು ರೂಪಿಸುವವರು ಇಂದಿಗೂ ಓದುತ್ತಾರೆ. ಅದರ ಪ್ರಕಾರ ಸುಮ್ಮನೆ ಕೂತು ಕಾಯುವುದು ಉದ್ದ ಅನ್ನಿಸುತ್ತದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದೆ ಕಾಯುವುದೂ ಉದ್ದ. ಕಾರಣ ತಿಳಿಯದೆ ಕಾಯುವುದೂ ಹಾಗೇ. "ಕೂತ್ಕೊಳ್ಳಿ, ಬರ್ತಾರೆ" ಎಂಬ ಒಂದೇ ಮಾತಿನಲ್ಲಿ ಈ ಮೂರೂ ಇವೆ. ಅದರ ಬದಲು ಪರದೆ "ನೀವು ಬಂದದ್ದು ಮ್ಯಾನೇಜರಿಗೆ ತಿಳಿಸಲಾಗಿದೆ, ಅವರು ಮೀಟಿಂಗಿನಲ್ಲಿದ್ದಾರೆ, ಸುಮಾರು 15 ನಿಮಿಷ" ಎಂದು ತೋರಿಸಿದರೆ ಕಾಯುವ ಹೊತ್ತು ಒಂದು ಸೆಕೆಂಡೂ ಕಡಿಮೆಯಾಗುವುದಿಲ್ಲ, ಆದರೆ ಬಂದವರು ನಿರಾಳವಾಗಿ ಹೊರಗೆ ಹೋಗಿ ಇರಾನಿ ಚಹಾ ಕುಡಿದು ಬರಬಹುದು.

ಈಗ ಹೆಸರಿನ ಖಾನೆಗೆ ಬರೋಣ. ಗೇಟಿನ ಪರದೆಗಳಲ್ಲಿ ಅತಿ ಸುಲಭವೆಂದು ಕಂಡು ಅತಿ ಹೆಚ್ಚು ಕಾಡುವ ಖಾನೆ ಇದೇ. ಬಹಳಷ್ಟು ಸಾಫ್ಟ್‌ವೇರುಗಳು ಹೆಸರನ್ನು ಎರಡು ತುಂಡಾಗಿ ಕೇಳುತ್ತವೆ, ಮೊದಲಿನದು ಮತ್ತು ಕೊನೆಯದು. ಅಮೆರಿಕದಲ್ಲಿ ನಡೆಯುವ ಈ ಕ್ರಮ ಸನತ್‌ನಗರದಲ್ಲಿ ತಕ್ಷಣ ಮುಗ್ಗರಿಸುತ್ತದೆ. ತೆಲುಗರಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಪಿ.ವಿ. ನರಸಿಂಹರಾವ್ ಅವರ 'ಪಿ' ಎಂದರೆ ಪಾಮುಲಪರ್ತಿ. ಕಲಬುರಗಿ, ಬೀದರ್ ಕಡೆಯ ಪಾಟೀಲರು, ಕುಲಕರ್ಣಿಯವರು ಅದನ್ನು ಕೊನೆಗೆ ಇಡುತ್ತಾರೆ. ಮೈಸೂರು ಕಡೆಯವರಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ, ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ. ಡಿ.ವಿ. ಗುಂಡಪ್ಪ ಎಂದರೆ ದೇವನಹಳ್ಳಿಯ ವೆಂಕಟರಮಣಯ್ಯನವರ ಮಗ ಗುಂಡಪ್ಪ. ಒಂದೇ ಪದದ ಹೆಸರಿನವರಂತೂ ಎರಡನೆಯ ಖಾನೆಗೆ ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ, ಇಲ್ಲವೇ ಹೆಸರನ್ನೇ ಎರಡು ಸಲ ಬರೆಯುತ್ತಾರೆ.

ಈ ತೊಡಕು ದೊಡ್ಡವರನ್ನೂ ಬಿಡದು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿದ ಮೇಲೆ ನಿಜಾಮ ಸರ್ಕಾರ ಸಲಹೆಗೆ ಕರೆಸಿಕೊಂಡದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಬಂದದ್ದು ಆ ಸಲಹೆಯಿಂದ. ಅವರು ಇವತ್ತು ಒಂದು ಗೇಟಿಗೆ ಬಂದಿದ್ದರೆ ಅವರ ಎದೆಯ ಮೇಲಿನ ಬ್ಯಾಡ್ಜಿನಲ್ಲಿ 'ಹಲೋ ಮೋಕ್ಷಗುಂಡಂ' ಎಂದು ಅಚ್ಚಾಗುತ್ತಿತ್ತು. ಪೋಷಾಕಿನಲ್ಲೂ ಶಿಸ್ತಿನಲ್ಲೂ ಒಂದಿಷ್ಟೂ ಬಿಟ್ಟುಕೊಡದ ಆ ಎಂಜಿನಿಯರು ಏನೆನ್ನುತ್ತಿದ್ದರೋ! ಹೆಸರುಗಳ ವಿಷಯದಲ್ಲಿ ಪ್ರೋಗ್ರಾಮರುಗಳು ನಂಬಿಕೊಂಡಿರುವ 40 ತಪ್ಪುಗಳನ್ನು ಪ್ಯಾಟ್ರಿಕ್ ಮೆಕೆಂಜಿ ಎಂಬ ಪ್ರೋಗ್ರಾಮರು 2010ರಲ್ಲೇ ಪಟ್ಟಿ ಮಾಡಿದ್ದಾರೆ. ಪರಿಹಾರ ಸರಳವಾಗಿದೆ. ಹೆಸರಿಗೆ ಒಂದೇ ಖಾನೆ ಇಡಬೇಕು, ಬಂದವರು ಹೇಗೆ ಬರೆಯುತ್ತಾರೋ ಹಾಗೇ ಬ್ಯಾಡ್ಜಿನಲ್ಲಿ ಮುದ್ರಿಸಬೇಕು.

ಅದನ್ನು ಅವರ ಲಿಪಿಯಲ್ಲೇ ಮುದ್ರಿಸುವುದೂ ಕಷ್ಟವಲ್ಲ. 1991ರಲ್ಲಿ, ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ ಮೊದಲ ಆವೃತ್ತಿ ಬಂದಾಗ ಭಾರತದ ಲಿಪಿಗಳನ್ನು ನಮ್ಮದೇ ಇಸ್ಕಿ ಸಂಕೇತ ಪದ್ಧತಿಯ ಮಾದರಿಯಲ್ಲಿ, ಒಂದೇ ಅನುಕ್ರಮದಲ್ಲಿ ಜೋಡಿಸಿದರು. ತೆಲುಗು ಮತ್ತು ಕನ್ನಡಕ್ಕೆ ಅಕ್ಕಪಕ್ಕದ ಜಾಗ ಸಿಕ್ಕಿತು. ಕಂಪ್ಯೂಟರಿನೊಳಗೆ ತೆಲುಗಿನ 'ಕ' ಎಂದರೆ 3093, ಕನ್ನಡದ 'ಕ' ಎಂದರೆ 3221. ವ್ಯತ್ಯಾಸ 128. 'ಮ'ಕ್ಕೂ ಅಷ್ಟೇ, 'ರ'ಕ್ಕೂ ಅಷ್ಟೇ. ಒಂದೆರಡು ಅಪರೂಪದ ಅಕ್ಷರ ಬಿಟ್ಟರೆ, ತೆಲುಗಿನಲ್ಲಿ ಬರೆದ ಹೆಸರಿನ ಪ್ರತಿ ಸಂಕೇತಕ್ಕೂ 128 ಕೂಡಿಸಿದರೆ ಅದು ಕನ್ನಡ ಅಕ್ಷರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ ಸನತ್‌ನಗರದ ಆಫೀಸಿನವರು ತಮ್ಮ ಸಿಬ್ಬಂದಿಯ, ಬ್ಲಾಕುಗಳ ಹೆಸರನ್ನು ತೆಲುಗಿನಲ್ಲಿ ಒಮ್ಮೆ ತುಂಬಿಟ್ಟರೆ ಬೀದರಿನಿಂದ ಬಂದವರಿಗೆ ಅದೇ ಪಟ್ಟಿಯನ್ನು ಕನ್ನಡದಲ್ಲಿ ತೋರಿಸಲು ಒಂದು ಕೂಡುವ ಲೆಕ್ಕ ಸಾಕು. ಇಷ್ಟು ಹತ್ತಿರದ ಎರಡು ಲಿಪಿಗಳ ನಡುವೆಯೂ ಗೇಟಿನ ಪರದೆ ಇಂಗ್ಲಿಷನ್ನೇ ಹಿಡಿದು ಕೂತಿರುವುದು ಸೋಮಾರಿತನ.

ಪರದೆ ಯಾರ ಕೈಯಲ್ಲಿರಬೇಕು ಎಂಬುದರಲ್ಲಿ ಎರಡು ದಾರಿಗಳಿವೆ. ಮೊದಲು ಟ್ವಿಟರ್‌ನಲ್ಲಿದ್ದ ಲ್ಯಾರಿ ಗಡೇಯ 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರು ಮಾಡಿದ ಎನ್ವಾಯ್ ಕಂಪನಿ, ರಿಸೆಪ್ಷನ್ನಿನಲ್ಲಿ ಐಪ್ಯಾಡ್ ಇಟ್ಟು ಬಂದವರೇ ತಮ್ಮ ವಿವರ ತುಂಬಿಕೊಳ್ಳುವ ಏರ್ಪಾಡು ಮಾಡಿತು. 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಗೇಟ್ ಅಪಾರ್ಟ್‌ಮೆಂಟುಗಳಿಗಾಗಿ ಇನ್ನೊಂದು ದಾರಿ ಹಿಡಿಯಿತು. ಪರದೆಯನ್ನು ಸೆಕ್ಯುರಿಟಿಯವರ ಕೈಗೆ ಕೊಟ್ಟಿತು. ಬಂದವರು ಬಾಯಲ್ಲಿ ಹೇಳುತ್ತಾರೆ, ಸೆಕ್ಯುರಿಟಿಯವರು ಒತ್ತುತ್ತಾರೆ, ಮನೆಯವರ ಫೋನಿಗೆ ಸೂಚನೆ ಹೋಗುತ್ತದೆ. ಕಾರ್ಖಾನೆಯ ಗೇಟಿಗೆ ಬೆಂಗಳೂರಿನ ದಾರಿಯೇ ವಾಸಿ. ಟಚ್ ಪರದೆ ಕೆಲಸ ಮಾಡುವುದು ಬೆರಳು ತಾಗಿದಾಗ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಹಿಡಿದು. ಲೇತ್ ಮೇಲೆ ವರ್ಷಗಟ್ಟಲೆ ದುಡಿದು ದಡ್ಡುಗಟ್ಟಿದ, ಒಣಗಿದ ಬೆರಳನ್ನು ಅದು ಎಷ್ಟೋ ಸಲ ಗುರುತಿಸುವುದಿಲ್ಲ. ಓದಲು ಬಾರದವರು, ಕನ್ನಡಕ ಮರೆತವರು, ಬಿಸಿಲಿನಲ್ಲಿ ಪರದೆ ಕಾಣದವರು, ತಗಡಿನ ಶೆಡ್ಡಿನ ಕೆಳಗೆ ಒಟಿಪಿ ಬಾರದವರು ಎಲ್ಲರಿಗೂ ಮಾತಾಡುವ ಒಬ್ಬ ಮನುಷ್ಯ ಬೇಕು. ಒಳ್ಳೆಯ ವಿನ್ಯಾಸ ವಾಚ್‌ಮನ್ನರನ್ನು ತೆಗೆಯುವುದಿಲ್ಲ, ಬರೆಯುವ ಕೆಲಸದಿಂದ ಅವರನ್ನು ಬಿಡಿಸುತ್ತದೆ.

ಬರೆಯುವ ಕೆಲಸವನ್ನು ಕಡಿಮೆ ಮಾಡಿದ ದೊಡ್ಡ ಉಪಾಯ ಹುಟ್ಟಿದ್ದೂ ಕಾರ್ಖಾನೆಯಲ್ಲೇ. ಜಪಾನಿನ ವಾಹನ ಬಿಡಿಭಾಗ ಕಂಪನಿ ಡೆನ್ಸೊದಲ್ಲಿ ಕೆಲಸಗಾರರು ಒಂದೊಂದು ಪೆಟ್ಟಿಗೆಯ ಮೇಲೂ ಹಲವು ಬಾರ್‌ಕೋಡುಗಳನ್ನು ಸ್ಕ್ಯಾನ್ ಮಾಡಿ ಸುಸ್ತಾಗುತ್ತಿದ್ದರು. ಬಾರ್‌ಕೋಡಿನಲ್ಲಿ ಹಿಡಿಸುವುದು ಸುಮಾರು 20 ಅಕ್ಷರ. ಮಸಾಹಿರೊ ಹಾರಾ ಮತ್ತು ಅವರ ಜೊತೆಗಾರರು 1994ರಲ್ಲಿ ಕಂಡುಹಿಡಿದ ಕ್ಯೂಆರ್ ಕೋಡಿನಲ್ಲಿ 7 ಸಾವಿರಕ್ಕೂ ಹೆಚ್ಚು ಅಂಕಿಗಳು ಹಿಡಿಸುತ್ತವೆ. ಮೂರು ಮೂಲೆಗಳಲ್ಲಿರುವ ಚೌಕಗಳು ಅಲಂಕಾರಕ್ಕಲ್ಲ. ಅವುಗಳನ್ನು ಯಾವ ದಿಕ್ಕಿನಿಂದ ಸೀಳಿ ನೋಡಿದರೂ ಕಪ್ಪು ಬಿಳುಪು ಪಟ್ಟಿಗಳು 1, 1, 3, 1, 1 ಎಂಬ ಅನುಪಾತದಲ್ಲಿ ಸಿಗುತ್ತವೆ. ಅಚ್ಚಾದ ಕಾಗದಗಳಲ್ಲಿ ಬಹಳ ಅಪರೂಪವಾಗಿ ಕಾಣುವ ಅನುಪಾತ ಅದು. ಹಾಗಾಗಿ ಕೋಡು ಓರೆಯಾಗಿದ್ದರೂ ತಲೆಕೆಳಗಾಗಿದ್ದರೂ ಕ್ಯಾಮೆರಾ ಅದನ್ನು ಹುಡುಕಿಬಿಡುತ್ತದೆ. ಮಾಹಿತಿಯನ್ನು ಗಣಿತದ ಒಂದು ಜಾಣ್ಮೆಯಿಂದ ಹೆಚ್ಚುವರಿಯಾಗಿ ತುಂಬಿಟ್ಟಿರುವುದರಿಂದ, ಅತಿ ಗಟ್ಟಿ ಬಗೆಯ ಕೋಡಿನಲ್ಲಿ ಸುಮಾರು 30 ಪ್ರತಿಶತ ಹಾಳಾದರೂ ಪೂರ್ತಿ ಓದಬಹುದು. ಗ್ರೀಸಿನ ಕೈಯಿಂದ ಮುಟ್ಟಿದ ಗೇಟ್ ಪಾಸಿಗೆ ಇದಕ್ಕಿಂತ ಬೇರೇನು ಬೇಕು? ಡೆನ್ಸೊ ತನ್ನ ಪೇಟೆಂಟ್ ಹಕ್ಕನ್ನು ಚಲಾಯಿಸಲಿಲ್ಲ. ಇವತ್ತು ಎಳನೀರಿನ ಗಾಡಿಯ ಮೇಲೂ ಆ ಚೌಕ ಅಂಟಿರುವುದಕ್ಕೆ ಅದೂ ಒಂದು ಕಾರಣ.

ಮೊದಲೇ ಕಳಿಸಿದ ಸಂದೇಶದಲ್ಲಿ ಒಂದು ಕ್ಯೂಆರ್ ಪಾಸು ಇದ್ದರೆ ಗೇಟಿನ 3 ನಿಮಿಷ ಕೆಲವು ಸೆಕೆಂಡಿಗೆ ಇಳಿಯುತ್ತದೆ. ಕೋಡಿನೊಳಗೆ ಹೆಸರು, ಮೊಬೈಲು ತುಂಬಬೇಕಾಗಿಲ್ಲ, ಒಂದು ಪಾಸ್ ಸಂಖ್ಯೆ ಸಾಕು. ಅದೇ ಸಂಖ್ಯೆಯನ್ನು ಕೆಳಗೆ ಓದುವಂತೆಯೂ ಮುದ್ರಿಸಬೇಕು, ಫೋನಿನ ಪರದೆ ಒಡೆದವರಿಗಾಗಿ.

ಮುಖವೇ ಪಾಸಾದರೆ ಇನ್ನೂ ಸಲೀಸಲ್ಲವೇ? ವಿಮಾನ ನಿಲ್ದಾಣಗಳಲ್ಲಿ ಅದು ಬಂದಿದೆ. ಡಿಜಿಯಾತ್ರಾ ಎಂಬ ಆ ವ್ಯವಸ್ಥೆ 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿ ಜೊತೆಗೆ ಬೆಂಗಳೂರಿನಲ್ಲಿ ಶುರುವಾಯಿತು, ಮರುವರ್ಷ ಹೈದರಾಬಾದಿಗೂ ಬಂತು. ಕ್ಯಾಮೆರಾ ಮುಖವನ್ನು ಸಂಖ್ಯೆಗಳ ಒಂದು ಸರಣಿಯಾಗಿ ಮಾಡಿಕೊಂಡು, ಮೊದಲೇ ಕೊಟ್ಟ ಮುಖದ ಸಂಖ್ಯೆಗಳ ಜೊತೆ ತಾಳೆ ನೋಡುತ್ತದೆ. ಎಷ್ಟು ಹತ್ತಿರವಿದ್ದರೆ ಒಪ್ಪಬೇಕು ಎಂಬುದನ್ನು ಮನುಷ್ಯರೇ ನಿಗದಿ ಮಾಡುತ್ತಾರೆ. ಬಿಗಿ ಮಾಡಿದರೆ ಸರಿಯಾದವರೂ ಹೊರಗೆ, ಸಡಿಲ ಮಾಡಿದರೆ ತಪ್ಪಾದವರೂ ಒಳಗೆ. ತಪ್ಪು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದೂ ಇಲ್ಲ. ಸಂಶೋಧಕರಾದ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮುಖ ನೋಡಿ ಹೆಣ್ಣೋ ಗಂಡೋ ಹೇಳುವ ಮೂರು ಸಾಫ್ಟ್‌ವೇರುಗಳನ್ನು ಪರೀಕ್ಷಿಸಿದಾಗ, ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು 1 ಪ್ರತಿಶತಕ್ಕಿಂತ ಕಡಿಮೆಯಿತ್ತು, ಕಪ್ಪು ಬಣ್ಣದ ಹೆಂಗಸರಲ್ಲಿ ಒಂದು ಸಾಫ್ಟ್‌ವೇರಿನ ತಪ್ಪು 34.7 ಪ್ರತಿಶತ ಮುಟ್ಟಿತ್ತು. ವರ್ಷಕ್ಕೊಮ್ಮೆ ಬಿಲ್ ಹಿಡಿದು ಬರುವವರಿಗಾಗಿ ಒಂದು ಆಫೀಸು ಮುಖಗಳ ಖಜಾನೆ ಕೂಡಿಹಾಕುವುದರಲ್ಲಿ ಅರ್ಥವಿಲ್ಲ.

ಗೇಟಿನ ದಾಖಲೆಗೆ ನಿಜವಾಗಿ ಒಂದು ಘನವಾದ ಕಾರಣವಿದೆ, ಅದನ್ನು ಗೇಟಿನ ಸಾಫ್ಟ್‌ವೇರ್ ಮಾರುವವರು ಹೇಳುವುದು ಕಡಿಮೆ. 2025ರ ಜೂನ್ 30ರಂದು ಹೈದರಾಬಾದಿನ ಹೊರವಲಯದ ಪಾಶಮೈಲಾರಂನ ಔಷಧ ಕಾರ್ಖಾನೆಯಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಲೆಕ್ಕ ದಿನದಿನಕ್ಕೆ ಏರುತ್ತ ಹೋಯಿತು, ಗುರುತಿಗೆ ಡಿಎನ್‌ಎ ಪರೀಕ್ಷೆ ಬೇಕಾಯಿತು. ಕಟ್ಟಡದೊಳಗೆ ಈ ಕ್ಷಣ ಯಾರ್‍ಯಾರಿದ್ದಾರೆ ಎಂಬ ಪಟ್ಟಿ ಅಂಥ ಹೊತ್ತಿನಲ್ಲಿ ಅಗ್ನಿಶಾಮಕದವರಿಗೆ ಬೇಕಾದ ಮೊದಲ ಕಾಗದ. ಬಂದವರನ್ನು ಬರೆದುಕೊಂಡು ಹೋದವರನ್ನು ಬರೆಯದ ಟ್ಯಾಬು ಅಲ್ಲಿ ಪ್ರಯೋಜನಕ್ಕೆ ಬಾರದು. ಉರಿಯುವ ಕಟ್ಟಡದೊಳಗಿನ ಕಂಪ್ಯೂಟರಿನಲ್ಲಷ್ಟೇ ಇರುವ ಪಟ್ಟಿಯೂ ಬಾರದು. ಅದು ಗೇಟಿನವರ ಫೋನಿನಲ್ಲೂ ಇರಬೇಕು. ಈ ಕೆಲಸಕ್ಕೆ ಹೆಸರು, ಫೋನ್ ನಂಬರು, ಯಾರನ್ನು ನೋಡಲು ಬಂದರು, ಯಾವಾಗ ಬಂದರು, ಯಾವಾಗ ಹೋದರು, ಇಷ್ಟು ಸಾಕು.

ಆಧಾರ್ ಪ್ರತಿ ಬೇಕಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ಅಪಾರ್ಥ ಮಾಡಿಕೊಳ್ಳಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನಕ್ಕೆ ಅದನ್ನು ಹಿಂದಕ್ಕೆ ಪಡೆಯಿತು. ಪ್ರಕಟಣೆ ಹೋದರೂ ಅಂಕಿ ಮುಚ್ಚಿದ ಪ್ರತಿಯ ಸೌಲಭ್ಯ ಉಳಿದಿದೆ.

ಮಾಹಿತಿಯ ಮೇಲಿನ ಹಕ್ಕಿನ ಕಥೆಗೂ ಕರ್ನಾಟಕದ ಒಂದು ಹೆಸರು ಅಂಟಿಕೊಂಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತೈದು ದಾಟಿತ್ತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮುಂದೆ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ. ಮಾಹಿತಿಯನ್ನು ಕಾಪಾಡಲು ತಕ್ಕ ಎಚ್ಚರ ವಹಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಹಿಂದಿನ ಪುಟ ತಿರುವಿದರೆ ಸಾಕು, ಹತ್ತಾರು ಜನರ ಫೋನ್ ನಂಬರು ಓದಲು ಸಿಗುವ ಹಳೆಯ ರಿಜಿಸ್ಟರಿಗೆ ಹೋಲಿಸಿದರೆ ಇದು ದೂರ ಬಂದ ಹಾಗೆ.

ಆ ಕಾಯ್ದೆಯ 5ನೆಯ ಸೆಕ್ಷನ್ನಿನಲ್ಲಿ ಗೇಟಿನಲ್ಲಿ ನಿಂತವರಿಗೆ ನೇರವಾಗಿ ತಾಗುವ ಮಾತೊಂದಿದೆ. ಯಾವ ಮಾಹಿತಿಯನ್ನು, ಯಾತಕ್ಕಾಗಿ ಪಡೆಯುತ್ತಿದ್ದೇವೆ ಎಂದು ಒಪ್ಪಿಗೆ ಕೇಳುವ ಮೊದಲು ಕೊಡಬೇಕಾದ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ಇರಬೇಕು. ಆ 22ರಲ್ಲಿ ಕನ್ನಡವಿದೆ, ಮತ್ತು ಈ ಮಾತು ಕರ್ನಾಟಕದ ಗಡಿಗೆ ನಿಲ್ಲುವುದಿಲ್ಲ. ಹೊಣೆಗಳು ಜಾರಿಗೆ ಬಂದ ಮೇಲೆ ಸನತ್‌ನಗರದಲ್ಲೋ ಪೀಣ್ಯದಲ್ಲೋ ಯಾವುದೇ ಗೇಟಿನಲ್ಲಿ ಟ್ಯಾಬ್ ಮುಂದೆ ಹಿಡಿದು ಒಪ್ಪಿಗೆ ಒತ್ತಿ ಎಂದರೆ, ಓದುಗರು ಆ ಸೂಚನೆಯನ್ನು ಕನ್ನಡದಲ್ಲಿ ತೋರಿಸಲು ಕೇಳಬೇಕು, ತಮ್ಮ ಫೋಟೊವನ್ನು ಯಾವತ್ತು ಅಳಿಸುತ್ತಾರೆ ಎಂದೂ ಕೇಳಬೇಕು.